ಕರಡಿ ಸೀಮೆಗೆ ದೊಡ್ಡ ಗುಂಡಿನ ರಿವಾಲ್ವರ್, ಪಿಸ್ತೂಲು: ಒಯ್ಯುವ ಮುನ್ನ ಏನೇನು ಪರೀಕ್ಷಿಸಬೇಕು

ಪುಣೆ, ಮುಂಬಯಿಯ ಕನ್ನಡ ಮನೆಗಳಿಂದ ಅಮೆರಿಕಕ್ಕೆ ಹೋಗಿ, ಗ್ರೀನ್ ಕಾರ್ಡ್ ಪಡೆದು, ಅಲಾಸ್ಕಾ ಅಥವಾ ಮೊಂಟಾನಾ ಕಡೆ ನೆಲೆ ನಿಂತವರಿದ್ದಾರೆ. ಬೇಸಿಗೆ ಬಂತೆಂದರೆ ಸಾಲ್ಮನ್ ಹಿಡಿಯಲು ಹೊಳೆಗೆ, ಬೆರ್ರಿ ಕೀಳಲು ಗುಡ್ಡಕ್ಕೆ ಹೋಗುವುದು ಅಲ್ಲಿನ ರೂಢಿ. ಕಂದು ಕರಡಿಗೆ ಬೇಕಾದದ್ದೂ ಅವೇ ಎರಡು. ಹೀಗಾಗಿ ಹೊರಡುವ ಮುನ್ನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: .44 ಸಾಕಾ, .500 ಬೇಕಾ? (ಇವು ಗುಂಡಿನ ಅಗಲವನ್ನು ಹೆಚ್ಚುಕಡಿಮೆ ಇಂಚಿನಲ್ಲಿ ಹೇಳುವ ಅಂಕಿ.)

ನಮ್ಮ ಪ್ರಕಾರ ಆ ಪ್ರಶ್ನೆ ಎರಡನೆಯದು. ಮೊದಲು ಕೇಳಬೇಕಾದದ್ದು: ಈ ಬಂದೂಕಿನಲ್ಲಿ, ಇದೇ ತೋಟಾ ಹಾಕಿ, ನಿಮ್ಮದೇ ಒದ್ದೆ ಕೈಯಲ್ಲಿ ಹಿಡಿದಾಗ, ಮೊದಲ ಗುಂಡಿನ ಹಿಂದೆ ಎರಡನೆಯದು, ಮೂರನೆಯದು ತಪ್ಪದೆ ಹಾರುತ್ತದೆಯೇ? ಕಂದು ಕರಡಿ ಗಂಟೆಗೆ 50 ಕಿಮೀಗೂ ಮೀರಿ ಓಡಬಲ್ಲದು. ಅಂದರೆ ಸೆಕೆಂಡಿಗೆ 14-15 ಮೀಟರ್. ಮೂವತ್ತು ಮೀಟರ್ ದೂರದ ಪೊದೆಯಿಂದ ನುಗ್ಗಿದರೆ ನಿಮಗೆ ಸಿಗುವುದು ಎರಡು ಸೆಕೆಂಡು. ಸಿಕ್ಕಿಕೊಂಡ ಪಿಸ್ತೂಲನ್ನು ಬಿಡಿಸಿ ಸರಿಮಾಡಲು ಅಷ್ಟರಲ್ಲಿ ಪುರುಸೊತ್ತಿಲ್ಲ. ಬಂದೂಕು, ತೋಟಾ, ಹೋಲ್ಸ್ಟರ್ (ಬಂದೂಕಿನ ಒರೆ), ಕೈ ಈ ನಾಲ್ಕನ್ನೂ ಸೇರಿಸಿ ಒಂದೇ ಸಲಕರಣೆ ಎಂದು ತಿಳಿದು ಪರೀಕ್ಷೆ ಮಾಡಬೇಕು. ಬಿಡಿಬಿಡಿಯಾಗಿ ಪ್ರತಿಯೊಂದೂ ಚೆನ್ನಾಗಿದ್ದು, ಒಟ್ಟಿಗೆ ಕೈಕೊಡುವುದು ಮಾಮೂಲು.

ಯಾರು ಒಯ್ಯಬಹುದು

ಇದನ್ನು ಮೊದಲೇ ಬಗೆಹರಿಸಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರು ಅಮೆರಿಕದಲ್ಲಿ ಬಂದೂಕು ಕೊಳ್ಳಬಹುದು. ಪ್ರವಾಸಿ ವೀಸಾ, ವಿದ್ಯಾರ್ಥಿ ವೀಸಾ, ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಬಂದೂಕನ್ನಷ್ಟೇ ಅಲ್ಲ, ತೋಟಾವನ್ನೂ ಇಟ್ಟುಕೊಳ್ಳುವುದು ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಮಗನ ಮನೆಗೆ ಮೂರು ತಿಂಗಳಿಗೆಂದು ಹೋದ ಅಪ್ಪ-ಅಮ್ಮ ಆತನ ರಿವಾಲ್ವರನ್ನು ಎದೆಗೆ ಕಟ್ಟಿಕೊಂಡು ತಿರುಗುವಂತಿಲ್ಲ. ಅವರಿಗೆ ಮೆಣಸಿನ ಖಾರ ಚಿಮ್ಮಿಸುವ ಕರಡಿ ಸ್ಪ್ರೇಯೇ ದಾರಿ, ಅದರ ಮಾತು ಕೆಳಗಿದೆ. ಕೆನಡಾದಲ್ಲಿ ಕರಡಿಯ ಕಾರಣ ಹೇಳಿ ಪ್ರವಾಸಿಗರು ರಿವಾಲ್ವರ್, ಪಿಸ್ತೂಲು ಒಯ್ಯಲು ಬಿಡುವುದಿಲ್ಲ. ಆದ್ದರಿಂದ ಕಾರಿನಲ್ಲಿ ಆ ದೇಶ ಹಾದು ಅಲಾಸ್ಕಾಕ್ಕೆ ಹೋಗುವ ಯೋಜನೆಯಿದ್ದರೆ ಬಂದೂಕು ಕೈಬಿಡಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರುವರಿಯಿಂದ ಆಯಾ ರಾಜ್ಯದ ಕಾನೂನಿನಂತೆ ಒಯ್ಯಬಹುದು. ಆದರೆ ಉದ್ಯಾನದ ಕಚೇರಿ, ಮಾಹಿತಿ ಕೇಂದ್ರಗಳೊಳಗೆ ತರುವಂತಿಲ್ಲ.

ಇದೇ ಆಲೋಚನೆಯನ್ನು ಸಹ್ಯಾದ್ರಿಗೆ ತರಬೇಡಿ. ಗೋವಾದ ಮೊಲೆಮ್, ಮಹದಾಯಿ, ಕೋಟಿಗಾಂವ್ ಕಾಡುಗಳಲ್ಲಿ ಕರಡಿ ಇದೆ ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನಂತೆ ಮುಖ್ಯ ವನ್ಯಜೀವಿ ವಾರ್ಡನ್ನರ ಅನುಮತಿ ಇಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಹೊಕ್ಕುವುದೇ ಅಪರಾಧ. ಅಲ್ಲಿ ಗುಂಪಾಗಿ, ಮಾತಾಡುತ್ತ ನಡೆಯುವುದು, ಮುಂಜಾನೆ ಮುಸ್ಸಂಜೆ ಪೊದೆಗಳ ನಡುವೆ ನುಸುಳದಿರುವುದು, ಇಷ್ಟೇ ಉಪಾಯ. ನಮ್ಮ ಕರಡಿ ಹುತ್ತ ಅಗೆಯುವಾಗ ಲೋಕವನ್ನೇ ಮರೆತಿರುತ್ತದೆ. ತೀರಾ ಹತ್ತಿರ ಹೋಗಿ ಬೆಚ್ಚಿಸಿದಾಗಲೇ ಮೈಮೇಲೆ ಬೀಳುವುದು ಹೆಚ್ಚು.

ಗಾತ್ರದ ಲೆಕ್ಕ

1955ರಲ್ಲಿ ಬಂದ .44 ಮ್ಯಾಗ್ನಮ್ ಇವತ್ತಿಗೂ ಅಳತೆಗೋಲು. 300 ಗ್ರೇನ್ ಆಸುಪಾಸಿನ, ಅಂದರೆ ಸುಮಾರು 19-20 ಗ್ರಾಮಿನ ಭಾರದ ಗುಂಡಿನಲ್ಲಿ 1,400 ಜೂಲ್ ಸುತ್ತಮುತ್ತ ಶಕ್ತಿ. 10 ಎಂಎಂ ಪಿಸ್ತೂಲಿನಲ್ಲಿ 200 ಗ್ರೇನ್ ಗುಂಡು 900 ಜೂಲ್ ಆಸುಪಾಸು. .454 ಕಸೂಲ್ 2,000 ಜೂಲ್ ದಾಟುತ್ತದೆ. 2003ರಲ್ಲಿ ಬಂದ .500 ಎಸ್ ಆ್ಯಂಡ್ ಡಬ್ಲ್ಯು (ಸ್ಮಿತ್ ಆ್ಯಂಡ್ ವೆಸನ್ ಕಂಪನಿಯದು) 3,000 ದಾಟುತ್ತದೆ. ಅಂಕಿ ನೋಡಿದರೆ ಕೊನೆಯದೇ ಬೇಕೆನಿಸುತ್ತದೆ. ಆದರೆ ನುಗ್ಗುವ ಕರಡಿಯನ್ನು ನಿಲ್ಲಿಸುವುದು ಜೂಲ್ ಅಲ್ಲ, ಮೆದುಳನ್ನೋ ಬೆನ್ನುಹುರಿಯನ್ನೋ ತಲುಪಿದ ಗುಂಡು. .500ರ ಮೊದಲ ಏಟಿಗೆ ಆಕಾಶ ನೋಡುವ ನಳಿಗೆ ಮತ್ತೆ ಗುರಿಗೆ ಇಳಿಯುವ ಹೊತ್ತಿಗೆ, .44ರಲ್ಲಿ ಚೆನ್ನಾಗಿ ಅಭ್ಯಾಸವಿದ್ದವರು ಎರಡನೆಯದನ್ನು ಹೊಡೆದಾಗಿರುತ್ತದೆ. ನೀವು ಐದು ಮೀಟರಿನಲ್ಲಿ ಊಟದ ತಟ್ಟೆಯಷ್ಟು ಗುರಿಗೆ ಮೂರು ಸೆಕೆಂಡಿನೊಳಗೆ ಮೂರು ಗುಂಡು ಇಡಬಲ್ಲ ಅತಿ ದೊಡ್ಡ ಗಾತ್ರ ಯಾವುದೋ ಅದೇ ನಿಮ್ಮ ಗಾತ್ರ. ಅದು .357 ಆಗಿದ್ದರೂ ನಾಚಿಕೆಯಿಲ್ಲ.

ಗುಂಡಿನ ಬಗೆ ಮಾತ್ರ ಗಾತ್ರಕ್ಕಿಂತ ಮುಖ್ಯ. ಮನುಷ್ಯರಿಂದ ಆತ್ಮರಕ್ಷಣೆಗೆಂದು ಮಾರುವ ಟೊಳ್ಳು ಮೂತಿಯ ಗುಂಡು ಬಡಿದ ಕೂಡಲೇ ಅರಳಿ ಅಲ್ಲೇ ನಿಲ್ಲುತ್ತದೆ. ಕರಡಿಯ ತುಪ್ಪಳ, ಕೊಬ್ಬು, ಭುಜದ ಮಾಂಸ, ಮೂಳೆ ದಾಟಲು ಅರಳದ, ಚಪ್ಪಟೆ ಮೂತಿಯ, ಗಟ್ಟಿ ಎರಕದ ಸೀಸದ ಗುಂಡು ಬೇಕು. ಪೆಟ್ಟಿಗೆಯ ಮೇಲೆ ‘ಹಾರ್ಡ್ ಕಾಸ್ಟ್’ ಎಂದಿರುತ್ತದೆ. ಪೂರ್ತಿ ತಾಮ್ರದ, ಅರಳದ ಗುಂಡುಗಳೂ ಆಗುತ್ತವೆ.

ರಿವಾಲ್ವರ್ ಎಲ್ಲಿ ಕೈಕೊಡುತ್ತದೆ

ರಿವಾಲ್ವರ್ ಎಂದೂ ಸಿಕ್ಕಿಕೊಳ್ಳುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದು ಸಿಕ್ಕಿಕೊಳ್ಳುವುದು ಕಡಿಮೆ, ಸರಿ. ಆದರೆ ಸಿಕ್ಕಿಕೊಂಡರೆ ಪಿಸ್ತೂಲಿನ ಹಾಗೆ ಸ್ಲೈಡ್ (ಹಿಂದೆ-ಮುಂದೆ ಸರಿಯುವ ಮೇಲಿನ ಭಾಗ) ಎಳೆದು ಬಿಡಿಸಲಾಗದು. ಸ್ಕ್ರೂಡ್ರೈವರ್, ಸುತ್ತಿಗೆಯ ಕೆಲಸವಾಗುತ್ತದೆ.

ದೊಡ್ಡ ಗಾತ್ರದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಗುಂಡು ಮುಂದಕ್ಕೆ ಜಾರುವುದು. ಹೊಡೆದಾಗ ರಿವಾಲ್ವರ್ ಹಿಂದಕ್ಕೆ ಚಿಮ್ಮುತ್ತದೆ. ತೋಟಾ ತುಂಬುವ, ತಿರುಗುವ ಸಿಲಿಂಡರಿನಲ್ಲಿ ಉಳಿದ ತೋಟಾಗಳ ಹಿತ್ತಾಳೆ ಕವಚವೂ ಜೊತೆಗೆ ಹಿಂದಕ್ಕೆ ಹೋಗುತ್ತದೆ. ಭಾರವಾದ ಗುಂಡು ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಕವಚದ ಬಾಯಿಯ ಹಿಡಿತ ಸಡಿಲವಿದ್ದರೆ ಪ್ರತಿ ಏಟಿಗೂ ಕೂದಲೆಳೆಯಷ್ಟು ಹೊರಗೆ ಬರುತ್ತಾ, ಕೊನೆಗೆ ಅದರ ಮೂತಿ ಸಿಲಿಂಡರಿನಿಂದ ಆಚೆ ಚಾಚಿ ನಳಿಗೆಯ ಹಿಂಬದಿಗೆ ತಾಗುತ್ತದೆ. ಅಲ್ಲಿಗೆ ಸಿಲಿಂಡರ್ ತಿರುಗದು, ಟ್ರಿಗರ್ ಬಾರದು. ಬಂದೂಕು ಹಗುರವಾದಷ್ಟೂ ಈ ಕಾಟ ಜಾಸ್ತಿ. ಎಸ್ ಆ್ಯಂಡ್ ಡಬ್ಲ್ಯು 329ಪಿಡಿ ಸುಮಾರು 700 ಗ್ರಾಂ, ಹೊತ್ತು ನಡೆಯಲು ಸುಖ. ರೂಗರ್ ರೆಡ್‌ಹಾಕ್ 1.3 ಕೆಜಿ ಮೇಲೆ. ಒಂದೇ ತೋಟಾ ರೆಡ್‌ಹಾಕ್‌ನಲ್ಲಿ ಅಲ್ಲಾಡದೆ, 329ರಲ್ಲಿ ಜಾರಿಬರಬಹುದು.

ಪರೀಕ್ಷೆ ಸುಲಭ. ಆರು ತೋಟಾದಲ್ಲಿ ಒಂದಕ್ಕೆ ಮಾರ್ಕರಿನಿಂದ ಗುರುತು ಹಾಕಿ, ವರ್ನಿಯರ್ ಕ್ಯಾಲಿಪರಿನಲ್ಲಿ ಉದ್ದ ಬರೆದುಕೊಳ್ಳಿ. ಉಳಿದ ಐದನ್ನು ಹೊಡೆದು, ಗುರುತಿನದನ್ನು ತೆಗೆದು ಮತ್ತೆ ಅಳೆಯಿರಿ. .44 ಮ್ಯಾಗ್ನಮ್ಮಿನ ಪ್ರಮಾಣಿತ ಗರಿಷ್ಠ ಉದ್ದ 40.9 ಮಿಮೀ, ಆದರೂ ನಿಮಗೆ ಬೇಕಾದದ್ದು ಮೊದಲಿನ ಮತ್ತು ಆಮೇಲಿನ ಅಳತೆಯ ವ್ಯತ್ಯಾಸ. ಕಾಲು ಮಿಲಿಮೀಟರ್ ಬೆಳೆದಿದ್ದರೆ ಆ ಬ್ರ್ಯಾಂಡ್ ಆ ಬಂದೂಕಿಗೆ ಬೇಡ. ಬೇರೆ ತಯಾರಕರದ್ದು ತನ್ನಿ, ಇಲ್ಲವೇ ಗುಂಡಿನ ತೂಕ ಇಳಿಸಿ. ಎರಡು ಬೇರೆ ಬೇರೆ ಪೆಟ್ಟಿಗೆಯಿಂದ ತೆಗೆದು ನೋಡುವುದು ವಾಸಿ, ಒಂದು ಬ್ಯಾಚಿನಂತೆ ಇನ್ನೊಂದು ಇರುವುದಿಲ್ಲ.

ಎರಡನೆಯದು ಪ್ರೈಮರ್. ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ದುಡಿದವರು ಮನೆಯಲ್ಲಿದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟಾದ ತಳದಲ್ಲಿರುವ, ಮದ್ದು ಹೊತ್ತಿಸುವ ಆ ಪುಟ್ಟ ಬಟ್ಟಲು ತಳಕ್ಕಿಂತ ಒಂದಿಷ್ಟು ಒಳಗೇ ಕೂತಿರಬೇಕು. ಉಬ್ಬಿದ್ದರೆ ಫ್ರೇಮಿಗೆ ಉಜ್ಜಿ ಸಿಲಿಂಡರ್ ಬಿಗಿಯಾಗುತ್ತದೆ. ಕಾಡಿಗೆ ಒಯ್ಯುವ ಪ್ರತಿ ತೋಟಾದ ತಳವನ್ನೂ ಬೆರಳಿನಿಂದ ಸವರಿ ನೋಡಿ. ಅನುಮಾನ ಬಂದದ್ದನ್ನು ಬದಿಗಿಡಿ. ಆಮೇಲೆ ಸುರಕ್ಷಿತ ಜಾಗದಲ್ಲಿ, ಶೂಟಿಂಗ್ ರೇಂಜಿನಲ್ಲೇ, ನಳಿಗೆಯನ್ನು ಗುರಿಯ ಕಡೆಗೆ ಇಟ್ಟು ತುಂಬಿಸಿ, ಸಿಲಿಂಡರ್ ಎಲ್ಲೂ ತಡೆಯದೆ ಕೂರುತ್ತದೆಯೇ ನೋಡಿ.

ಮೂರನೆಯದು ಖಾಲಿ ಕವಚ ಹೊರಹಾಕುವ ನಕ್ಷತ್ರದಾಕಾರದ ಬಿಲ್ಲೆಯ ಅಡಿಯ ಕಸ. ಸುಡದೆ ಉಳಿದ ಮದ್ದಿನ ಒಂದು ಚೂರು ಅದರಡಿ ಸೇರಿದರೂ ಸಾಕು, ಬಿಲ್ಲೆ ಎತ್ತರವಾಗಿ ಸಿಲಿಂಡರ್ ಮುಚ್ಚುವುದಿಲ್ಲ ಅಥವಾ ತಿರುಗುವುದಿಲ್ಲ. ಖಾಲಿ ಕವಚ ತೆಗೆಯುವಾಗ ನಳಿಗೆ ಆಕಾಶಕ್ಕಿರಲಿ, ಕಡ್ಡಿಯನ್ನು ಒಂದೇ ಏಟಿಗೆ ಜೋರಾಗಿ ಒತ್ತಿ. ಕಸ ಕೆಳಗೆ ಬೀಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಒಂದು ಚೀಲದಲ್ಲಿರಲಿ. ಅಲ್ಲಿಗೆ ಎಣ್ಣೆ ಹಾಕಬೇಡಿ, ಎಣ್ಣೆ ಕಸವನ್ನು ಹಿಡಿದಿಡುತ್ತದೆ. ಆ ಒತ್ತುವ ಕಡ್ಡಿಯೂ ತಿರುಪು ಸಡಿಲಾಗಿ ಮುಂದಕ್ಕೆ ಬಂದರೆ ಸಿಲಿಂಡರ್ ತೆರೆಯುವುದಿಲ್ಲ. ಪ್ರತಿ ಸಲ ಬೆರಳಿನಲ್ಲಿ ಬಿಗಿ ನೋಡಿ. ಎಸ್ ಆ್ಯಂಡ್ ಡಬ್ಲ್ಯುವಿನ ಈಗಿನ ರಿವಾಲ್ವರುಗಳಲ್ಲಿ ಅದು ಎಡ ತಿರುಪು ಎಂಬುದು ನೆನಪಿರಲಿ, ರೂಢಿಯಂತೆ ಬಲಕ್ಕೆ ತಿರುಗಿಸಿದರೆ ಇನ್ನಷ್ಟು ಕಳಚುತ್ತದೆ.

ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದು 0.10ರಿಂದ 0.20 ಮಿಮೀ ಇದ್ದರೆ ಒಳ್ಳೆಯದು. ಗ್ಯಾರೇಜಿನಲ್ಲಿ ಬಳಸುವ ಫೀಲರ್ ಗೇಜೇ ಸಾಕು. ಇನ್ನೂ ಬಿಗಿಯಿದ್ದರೆ ಇಪ್ಪತ್ತು-ಮೂವತ್ತು ಸೀಸದ ಗುಂಡಿನ ಮಸಿಗೇ ತಿಕ್ಕಾಡಲು ಶುರು. ಇನ್ನು ಟ್ರಿಗರ್ ಹಗುರ ಮಾಡಲೆಂದು ಸ್ಪ್ರಿಂಗ್ ಬದಲಿಸುವ ಚಟ: ಕರಡಿ ಸೀಮೆಯ ಬಂದೂಕಿಗೆ ಅದು ಬೇಡವೇ ಬೇಡ. ಮೆತ್ತಗಿನ ಸ್ಪ್ರಿಂಗ್ ಗಟ್ಟಿ ಪ್ರೈಮರನ್ನು ಗುದ್ದುತ್ತದೆಯೇ ಹೊರತು ಹೊತ್ತಿಸುವುದಿಲ್ಲ, ಚಳಿಯಲ್ಲಂತೂ ಇನ್ನೂ ಕಷ್ಟ. ಎಸ್ ಆ್ಯಂಡ್ ಡಬ್ಲ್ಯುವಿನ ಹಿಡಿಯ ಮುಂಬದಿಯಲ್ಲಿ ಮುಖ್ಯ ಸ್ಪ್ರಿಂಗನ್ನು ಬಿಗಿಯುವ ಸ್ಕ್ರೂ ಇರುತ್ತದೆ. ಅದು ಪೂರ್ತಿ ಬಿಗಿಯಾಗಿರಬೇಕು. ಅಭ್ಯಾಸವೂ ಪರೀಕ್ಷೆಯೂ ಡಬಲ್ ಆ್ಯಕ್ಷನ್‌ನಲ್ಲೇ, ಅಂದರೆ ಟ್ರಿಗರ್ ಒಂದನ್ನೇ ಪೂರ್ತಿ ಎಳೆದು ನಡೆಯಲಿ, ಬಂದೂಕಿನ ಹಿಂಬದಿಯ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆದು ಹೊಡೆಯುವ ಸಮಾಧಾನ ಅಲ್ಲಿ ಇರುವುದಿಲ್ಲ.

ಪಿಸ್ತೂಲಿನ ಕಥೆ ಬೇರೆ

10 ಎಂಎಂ ಪಿಸ್ತೂಲಿಗೆ, ಅದರಲ್ಲೂ ಗ್ಲಾಕ್ 20ಕ್ಕೆ ಒಳ್ಳೆಯ ಹೆಸರಿದೆ. ಗ್ರೀನ್‌ಲ್ಯಾಂಡಿನಲ್ಲಿ ನಾಯಿ ಗಾಡಿಯಲ್ಲಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ದಳ ಹಿಮಕರಡಿಯ ಕಾರಣಕ್ಕೆ ಒಯ್ಯುವುದು ಅದನ್ನೇ. ಹದಿನೈದು ಗುಂಡು, ಕಡಿಮೆ ಒದೆತ, ಮೂಲೆಗಳಿಲ್ಲದ ಮೈ. ಆದರೆ ಕಾರ್ಖಾನೆಯಲ್ಲಿ ಅದನ್ನು ಹೊಂದಿಸುವುದು ದುಂಡು ಮೂತಿಯ, ಸಾಧಾರಣ ತೂಕದ ಗುಂಡಿಗೆ. ನೀವು ಹಾಕುವುದು ಅಗಲ ಚಪ್ಪಟೆ ಮೂತಿಯ 200 ಅಥವಾ 220 ಗ್ರೇನ್. ತೊಂದರೆ ಅಲ್ಲಿಂದಲೇ.

ಚಪ್ಪಟೆ ಮೂತಿಯ ಅಂಚು ನಳಿಗೆಗೆ ಏರುವ ಇಳಿಜಾರಿಗೆ ತಾಗಿ ತೋಟಾ ಅರ್ಧದಲ್ಲಿ ನಿಲ್ಲುವುದುಂಟು. ಭಾರದ ಗುಂಡಿಗೆ ಸ್ಲೈಡ್ ಅತಿ ವೇಗದಲ್ಲಿ ಹಿಂದೆ ಹೋಗಿ ಬಂದು, ಮ್ಯಾಗಜೀನಿನ (ಹಿಡಿಯೊಳಗಿನ ತೋಟಾ ಪೆಟ್ಟಿಗೆಯ) ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲೆ ತಳ್ಳುವ ಮೊದಲೇ ಮುಚ್ಚುವುದುಂಟು. ಅದಕ್ಕೆಂದು ಸ್ಲೈಡನ್ನು ಮುಂದಕ್ಕೆ ತಳ್ಳುವ, ಗ್ಲಾಕ್ 20ರ ಮೂಲ 17 ಪೌಂಡಿನ ಸ್ಪ್ರಿಂಗ್ ತೆಗೆದು 20-22 ಪೌಂಡಿನದು ಹಾಕುತ್ತಾರೆ. ಕೆಲವು ಬಂದೂಕಿಗೆ ಅದು ಹೊಂದುತ್ತದೆ. ಕೆಲವಕ್ಕೆ ಸ್ಲೈಡ್ ಇನ್ನೂ ರಭಸದಿಂದ ಮುಂದೆ ಬಂದು ಹೊಸ ತಾಪತ್ರಯ ತರುತ್ತದೆ. ಮೂಲ ಸ್ಪ್ರಿಂಗಿನಲ್ಲಿ ಚೆನ್ನಾಗಿ ನಡೆಯುತ್ತಿದ್ದರೆ ಮುಟ್ಟಲೇಬೇಡಿ. ಬಿಡಿಸಿ ಬದಲಿಸಿದರೆ ಪರೀಕ್ಷೆ ಮೊದಲಿನಿಂದ. ನಳಿಗೆಯಡಿ ಟಾರ್ಚ್ ಕಟ್ಟಿದರೂ ಅಷ್ಟೇ, ಪ್ಲಾಸ್ಟಿಕ್ ಫ್ರೇಮ್ ಒದೆತಕ್ಕೆ ಬಾಗುವ ಬಗೆಯೇ ಬದಲಾಗುತ್ತದೆ.

ಗ್ಲಾಕಿನ ಹಳೆಯ ತಲೆಮಾರಿನ ನಳಿಗೆಗಳ ಒಳಮೈ ಗೀರುಗಳ ಬದಲು ದುಂಡನೆಯ ಬಹುಭುಜ ಆಕಾರದ್ದು. ಬರಿ ಸೀಸ ಅದರಲ್ಲಿ ಮೆತ್ತಿಕೊಂಡು ಒತ್ತಡ ಏರುತ್ತದೆಂದು ತಯಾರಕರೇ ಸೀಸದ ಗುಂಡು ಬೇಡವೆನ್ನುತ್ತಾರೆ. ಗಟ್ಟಿ ಎರಕದ ಗುಂಡೇ ಬೇಕಿದ್ದರೆ ಸಾಂಪ್ರದಾಯಿಕ ಗೀರಿನ ನಳಿಗೆ ಕೊಂಡು ಹಾಕಿಸಿ. ಇಲ್ಲವೇ ಪೂರ್ತಿ ತಾಮ್ರದ ಗುಂಡಿಗೆ ಹೋಗಿ.

ಒಂದು ವಿಷಯದಲ್ಲಿ ಪಿಸ್ತೂಲು ರಿವಾಲ್ವರಿಗಿಂತ ಖಂಡಿತ ಹಿಂದೆ. ಕರಡಿ ಮೈಮೇಲೆ ಬಿದ್ದು ನಳಿಗೆಯ ಬಾಯಿ ಅದರ ಮೈಗೆ ಒತ್ತಿದರೆ ಸ್ಲೈಡ್ ಕೆಲವೇ ಮಿಲಿಮೀಟರ್ ಹಿಂದೆ ಸರಿಯುತ್ತದೆ, ಟ್ರಿಗರಿನ ಕೊಂಡಿ ಬಿಟ್ಟುಹೋಗಿ ಗುಂಡು ಹಾರದು. ರಿವಾಲ್ವರ್ ಒತ್ತಿಹಿಡಿದರೂ ಹಾರುತ್ತದೆ. ಸಡಿಲ ಮಣಿಕಟ್ಟೂ ಪಿಸ್ತೂಲಿಗೆ ಶತ್ರು: ಹಿಡಿತ ಬಿಗಿಯಿಲ್ಲದಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ. ಆದ್ದರಿಂದ ಎರಡು ಕೈಯಲ್ಲಿ ಮಾತ್ರ ಹೊಡೆದು ‘ಚೆನ್ನಾಗಿದೆ’ ಅನ್ನಬೇಡಿ. ಬಲಗೈ ಒಂದರಲ್ಲೇ, ಎಡಗೈ ಒಂದರಲ್ಲೇ, ಒದ್ದೆ ಕೈಗವಸು ಹಾಕಿಕೊಂಡು ಹೊಡೆಯಿರಿ.

ನಾವು ಇಡುವ ಮಿತಿ ಇದು: ಅಭ್ಯಾಸದ ತೋಟಾ 200, ಕಾಡಿಗೆ ಒಯ್ಯುವ ತೋಟಾ ಕನಿಷ್ಠ 50, ಒಯ್ಯುವ ಪ್ರತಿ ಮ್ಯಾಗಜೀನಿನಿಂದಲೂ ಕನಿಷ್ಠ ಎರಡು ಸಲ ಪೂರ್ತಿ. ಕೊನೆಯ 50ರಲ್ಲಿ ಒಂದು ಸಿಕ್ಕಿಕೊಂಡರೂ ಕಾರಣ ಹುಡುಕಿ, ಸರಿಮಾಡಿ, ಮತ್ತೆ ಒಂದರಿಂದ ಎಣಿಕೆ. ದೊಡ್ಡ ತೋಟಾ ದುಬಾರಿ ಎಂದು ಈ 50ನ್ನು ಉಳಿಸುವವರು ತಮಗೆ ಗೊತ್ತಿಲ್ಲದ ಸಲಕರಣೆಯನ್ನು ನಂಬಿಕೊಂಡು ಕಾಡಿಗೆ ಹೋಗುತ್ತಾರೆ. ಇನ್ನೊಂದು ಮಾತು, ದಿನವೂ ತೆಗೆದು ಹಾಕುವ ಮೇಲಿನ ತೋಟಾದ ಗುಂಡು ಇಳಿಜಾರಿಗೆ ಬಡಿದು ಬಡಿದು ಕವಚದೊಳಗೆ ಕುಸಿಯುತ್ತದೆ. ಒಳಗಿನ ಜಾಗ ಕಡಿಮೆಯಾದಷ್ಟೂ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಹೊಸದರ ಪಕ್ಕದಲ್ಲಿಟ್ಟು ನೋಡಿ, ಗಿಡ್ಡವಾಗಿದ್ದರೆ ಅದನ್ನು ಹೊಡೆಯಲೂ ಬೇಡಿ, ರೇಂಜಿನವರಿಗೆ ಕೊಟ್ಟುಬಿಡಿ.

ಎದೆಯ ಮೇಲೆ, ಮಳೆಯಲ್ಲಿ, ಚಳಿಯಲ್ಲಿ

ಸೊಂಟದ ಹೋಲ್ಸ್ಟರ್ ಬೆನ್ನುಚೀಲದ ಪಟ್ಟಿಯಡಿ ಸಿಲುಕುತ್ತದೆ, ಮೀನು ಹಿಡಿಯುವ ರಬ್ಬರ್ ಉಡುಪಿನಲ್ಲಿ ನೀರೊಳಗೇ ಮುಳುಗುತ್ತದೆ. ಎದೆಗೆ ಓರೆಯಾಗಿ ಕಟ್ಟುವ ಹೋಲ್ಸ್ಟರೇ ಸರಿ. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಒಂದೇ ಕೈಯಲ್ಲಿ ಬಿಚ್ಚಬರಬೇಕು, ಬಗ್ಗಿ ನೀರು ಕುಡಿದಾಗ ಜಾರಬಾರದು. ತೊಗಲಿನದು ನೆನೆದರೆ ದಿನಗಟ್ಟಲೆ ಒಣಗದೆ ಬಂದೂಕಿಗೆ ತುಕ್ಕು ಹಿಡಿಸುತ್ತದೆ. ಅಲಾಸ್ಕಾದ ಆಗ್ನೇಯ ಕರಾವಳಿಯ ಮಳೆ ಕೊಂಕಣದ ಮಳೆಗಾಲಕ್ಕೆ ಕಡಿಮೆಯಿಲ್ಲ, ವರ್ಷದ ಬಹುಪಾಲು ಸುರಿಯುತ್ತದೆ. ಸ್ಟೇನ್‌ಲೆಸ್ ಬಂದೂಕೂ ಅಲ್ಲಿ ಕಲೆ ಕಟ್ಟುತ್ತದೆ. ಸಂಜೆ ಒರೆಸಿ, ಹೋಲ್ಸ್ಟರಿನಿಂದ ಹೊರಗಿಟ್ಟು ಒಣಗಿಸಿ. ಹಿಮನದಿಯ ಹೊಳೆಗಳ ನೀರಿನಲ್ಲಿ ಹಿಟ್ಟಿನಷ್ಟು ನುಣುಪಾದ ಮಣ್ಣಿರುತ್ತದೆ. ಬಿದ್ದು ಮುಳುಗಿದರೆ ತೋಟಾ ತೆಗೆದು, ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಕೆಸರು ತುಂಬಿದ ನಳಿಗೆಯಲ್ಲಿ ಗುಂಡು ಹೊಡೆದರೆ ನಳಿಗೆಯೇ ಸಿಡಿಯುತ್ತದೆ.

ಸೊನ್ನೆಗಿಂತ ಕೆಳಗೆ ದಪ್ಪ ಎಣ್ಣೆ ಅಂಟಾಗಿ ಸ್ಟ್ರೈಕರ್ (ಪ್ರೈಮರಿಗೆ ಗುದ್ದುವ ಕಡ್ಡಿ) ನಿಧಾನವಾಗುತ್ತದೆ. ಪೂರ್ತಿ ತೊಳೆದು, ತೆಳು ಸಿಂಥೆಟಿಕ್ ಎಣ್ಣೆ ಹನಿಯಷ್ಟೇ ಹಾಕಿ. ಸ್ಟ್ರೈಕರ್ ಓಡಾಡುವ ಕೊಳವೆಗೆ ಅದೂ ಬೇಡ. ಬೆಚ್ಚಗಿನ ಕೋಣೆಗೆ ತಂದ ಬಂದೂಕು ಬೆವರುತ್ತದೆ, ಹಾಗೇ ಮತ್ತೆ ಹೊರಗೆ ಒಯ್ದರೆ ಒಳಗಿನ ನೀರು ಹೆಪ್ಪುಗಟ್ಟುತ್ತದೆ. ಒಳಗೆ ತಂದರೆ ಬಿಡಿಸಿ ಒಣಗಿಸುವವರೆಗೂ ಹೊರಗೆ ಒಯ್ಯಬೇಡಿ.

ಸ್ಪ್ರೇ ಬದಲಿಯಲ್ಲ, ಜೊತೆ

ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತಿತರರು ಅಲಾಸ್ಕಾದಲ್ಲಿ ಮಾಡಿದ ಅಧ್ಯಯನಗಳನ್ನು ಓದಿದರೆ ತಲೆ ತಿಳಿಯಾಗುತ್ತದೆ. 2008ರಲ್ಲಿ ಪ್ರಕಟವಾದದ್ದರಲ್ಲಿ ಸ್ಪ್ರೇ ಬಳಸಿದ 83 ಪ್ರಸಂಗಗಳಿದ್ದವು, ಹತ್ತರಲ್ಲಿ ಒಂಬತ್ತರಷ್ಟು ಸಲ ಕರಡಿ ತನ್ನ ಬೇಡದ ವರ್ತನೆ ಬಿಟ್ಟಿತು. 2012ರ ಬಂದೂಕಿನ ಅಧ್ಯಯನದಲ್ಲಿ 269 ಪ್ರಸಂಗ. ರಿವಾಲ್ವರ್ ಅಥವಾ ಪಿಸ್ತೂಲು ಬಳಸಿದ್ದು 37 ಸಲ, ಫಲಿಸಿದ್ದು ನೂರಕ್ಕೆ 84ರಷ್ಟು. ಎರಡೂ ಕೆಲಸ ಮಾಡುತ್ತವೆ. ಆದರೆ ಸ್ಪ್ರೇಗೆ ತಿಂಗಳುಗಟ್ಟಲೆ ಅಭ್ಯಾಸ ಬೇಡ, ಯಾವ ವೀಸಾದವರೂ ಒಯ್ಯಬಹುದು.

ಕನಿಷ್ಠ 225 ಗ್ರಾಮಿನ, ‘ಕರಡಿಗೆ’ ಎಂದೇ ಮುದ್ರಿಸಿದ ಡಬ್ಬಿ ಕೊಳ್ಳಿ. ಮನುಷ್ಯರ ಮೇಲೆ ಬಳಸುವ ಪುಟ್ಟ ಡಬ್ಬಿ ಇದಕ್ಕಲ್ಲ. ಸುಮಾರು 9 ಮೀಟರಿಗೆ ಬಂದಾಗ, ಸ್ವಲ್ಪ ತಗ್ಗಿಸಿ, ಮೋಡದ ಹಾಗೆ ಅಡ್ಡಕ್ಕೆ ಹಾರಿಸಿ. ಅವಧಿ ಮುಗಿದ ಡಬ್ಬಿಯ ಒತ್ತಡ ನಂಬಬೇಡಿ, ಕಾರಿನ ಗಾಜಿನಡಿ ಬಿಸಿಲಿಗೆ ಬಿಡಬೇಡಿ. ನಮ್ಮೂರ ಸೊಳ್ಳೆಗೆ ಓಡೋಮಸ್ ಬಳಿದುಕೊಳ್ಳುವಂತೆ ಇದನ್ನು ಟೆಂಟಿಗೆ, ಬಟ್ಟೆಗೆ ಸಿಂಪಡಿಸುವವರಿದ್ದಾರೆ. ಒಣಗಿದ ಮೆಣಸಿನ ವಾಸನೆ ಕರಡಿಯನ್ನು ಹತ್ತಿರ ಕರೆಯುತ್ತದೆ. ವಿಮಾನದಲ್ಲಿ ಕೈಚೀಲದಲ್ಲೂ ಲಗೇಜಿನಲ್ಲೂ ನಿಷಿದ್ಧ. ಅಲ್ಲೇ ಕೊಂಡು, ಅಲ್ಲೇ ಬಿಟ್ಟು ಬನ್ನಿ.

ಅಭ್ಯಾಸ, ಮತ್ತು ಮರಳುವಾಗ

ಟ್ರಿಗರ್ ಒತ್ತುವ ಶಿಸ್ತು ಕಲಿಯಲು ದೊಡ್ಡ ಬಂದೂಕು ಬೇಕಿಲ್ಲ. ಪುಣೆಯ ಬಾಲೇವಾಡಿ, ಮುಂಬಯಿಯ ವರಳಿಯ ಶೂಟಿಂಗ್ ರೇಂಜುಗಳಲ್ಲಿ ಏರ್ ಪಿಸ್ತೂಲು, .22ರಲ್ಲಿ ಕಲಿತ ಕೈ ಅಲ್ಲಿ ಬೇಗ ಪಳಗುತ್ತದೆ. ಅಲ್ಲಿಗೆ ಹೋದ ಮೇಲೆ ವಾರಕ್ಕೊಮ್ಮೆ, ತೋಟಾ ಬೇರೆ ಕೋಣೆಯಲ್ಲಿಟ್ಟು, ಖಾಲಿ ಬಂದೂಕನ್ನು ಎದೆಯಿಂದ ತೆಗೆದು ಗುರಿಗೆ ತರುವ ಅಭ್ಯಾಸ ಮಾಡಿ. ರೇಂಜಿನಲ್ಲಿ .44ರ ಸದ್ದಿಗೆ ಕಿವಿಯೊಳಗಿನ ಬಿರಟೆ, ಮೇಲೆ ಇಯರ್‌ಮಫ್ ಎರಡೂ ಹಾಕಿ. ಕಾಡಿನಲ್ಲಿ ಜೊತೆಯವರೆಲ್ಲ ಬಂದೂಕಿನವರ ಹಿಂದೆ ನಿಲ್ಲಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಅಲಾಸ್ಕಾದಲ್ಲಿ ಪ್ರಾಣರಕ್ಷಣೆಗೆ ಕರಡಿ ಕೊಂದರೆ ಚರ್ಮ, ತಲೆಬುರುಡೆ ತೆಗೆದು ಸರಕಾರಕ್ಕೆ ಒಪ್ಪಿಸಬೇಕು, 15 ದಿನದೊಳಗೆ ವಿವರ ತುಂಬಿ ಕೊಡಬೇಕು. ಆಹಾರ ಚೆಲ್ಲಿ ನೀವೇ ಕರೆದುಕೊಂಡ ಕರಡಿಯಾದರೆ ಈ ರಕ್ಷಣೆ ಸಿಗದು.

ಊರಿಗೆ ಹೊರಡುವ ಹಿಂದಿನ ದಿನ ಬೆನ್ನುಚೀಲ, ಎದೆಪಟ್ಟಿ, ಜಾಕೆಟ್ಟಿನ ಪ್ರತಿ ಜೇಬನ್ನೂ ತಿರುವಿಹಾಕಿ ಜಾಡಿಸಿ. ಒಂದೇ ಒಂದು ಜೀವಂತ ತೋಟಾ ಮುಂಬಯಿ, ಪುಣೆ ಅಥವಾ ದಾಬೋಳಿ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ ಆಯುಧ ಕಾಯ್ದೆಯಡಿ ಪೊಲೀಸ್ ಪ್ರಕರಣವಾಗಬಹುದು. ನೆನಪಿಗೆಂದು ಖಾಲಿ ಕವಚವನ್ನೂ ತರಬೇಡಿ. ರೇಂಜಿಗೆ, ಕಾಡಿಗೆ ಒಯ್ದ ಚೀಲವನ್ನು ವಿಮಾನಕ್ಕೆ ಬಳಸದೆ, ಬೇರೆಯದೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸಲೀಸು.